ಹೊಲದಾಗೆ ಹಾಡಿದ್ರಂತೆ, ಅಜ್ಜಾ

2010ರ ಕೊನೆಯ ದಿನಗಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟರ್. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಸೋಮವಾರ ಮಧ್ಯಾಹ್ನ ಎರಡೂವರೆಗೆ ಇಂಗ್ಲೆಂಡಿನ ಕ್ಲೈಂಟ್ ಜೊತೆ ಕಾಲ್. ಅಲ್ಲಿ ಬೆಳಗ್ಗೆ ಒಂಬತ್ತು, ಅವರು ಆಗಷ್ಟೇ ಕಾಫಿ ಹಿಡಿದು ಕೂತಿರ್ತಾರೆ. ನಾವು ಕ್ಯಾಂಟೀನ್ ಊಟ ಮುಗಿಸಿ ತೂಕಡಿಸ್ತಾ ಕೂತಿರ್ತೀವಿ.

ಅವತ್ತು ಬಗ್‌ಗಳ ಪಟ್ಟಿ ಶುರುವಾಗೋ ಮೊದಲು ಆ ಕಡೆಯ ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರು. ಅರವತ್ತರ ಹತ್ತಿರದ ಮನುಷ್ಯ, ಕೆಲಸ ಬಿಟ್ಟು ಬೇರೆ ಮಾತಾಡಿದ್ದೇ ಕಮ್ಮಿ. “ಟಿವಿಯಲ್ಲಿ ನಿಮ್ಮ ಊರಿನ ಒಂದು ತಂಡ ನೋಡಿದೆ. ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ರಘು ದೀಕ್ಷಿತ್ ಪ್ರಾಜೆಕ್ಟ್ ಅಂತೆ. ಆಲ್ಬಮ್ ಕೊಂಡೆ. ಅದರಲ್ಲಿ ಕನ್ನಡ ಅನ್ನೋ ಭಾಷೆಯ ಹಾಡುಗಳಿವೆ. ನಿಮ್ಮಲ್ಲಿ ಯಾರಿಗಾದರೂ ಅದು ಬರುತ್ತಾ?”

ನಮ್ಮ ಟೀಮಿನಲ್ಲಿ ಚೆನ್ನೈನವರಿದ್ದರು, ಪುಣೆಯವರಿದ್ದರು, ಒಡಿಶಾದವರಿದ್ದರು. ಬೆಂಗಳೂರಲ್ಲೇ ಕೂತಿದ್ದರೂ ಕನ್ನಡದವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಮ್ಯೂಟ್ ತೆಗೆದು, “ನನ್ನ ಮಾತೃಭಾಷೆ ಅದು” ಅಂದೆ. ಹೇಳುವಾಗ ಸ್ವಲ್ಪ ಜಂಬವೂ ಬಂದಿತ್ತು.

“ಹಾಗಾದರೆ ‘ಗುಡುಗುಡಿಯ ಸೇದಿ ನೋಡೋ’ ಅಂದರೆ ಏನು?”

“ಅದೊಂದು ಜನಪದ ಗೀತೆ. ಹುಕ್ಕಾ ಸೇದಿ ನೋಡು ಅಂತ.”

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, “ಇಷ್ಟು ಚೆಂದದ ಹಾಡು ಬರೀ ಹುಕ್ಕಾ ಬಗ್ಗೆನಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ಆ ನಗು ಗಂಟಲಲ್ಲೇ ಸಿಕ್ಕಿಕೊಂಡಿತು. ಯಾಕಂದ್ರೆ ನಾನು ಆ ಹಾಡನ್ನ ಮೊದಲ ಸಲ ಕೇಳಿದ್ದು ಯೂಟ್ಯೂಬಿನಲ್ಲಲ್ಲ. ನಮ್ಮಜ್ಜನ ತೊಡೆ ಮೇಲೆ.

ನಮ್ಮೂರು ಕೊಕ್ಕನೂರು. ಹರಿಹರದಿಂದ ಮಲೇಬೆನ್ನೂರು ಕಡೆ ಹೋಗೋ ದಾರಿಯಲ್ಲಿ, ಭದ್ರಾ ನಾಲೆಯ ನೀರು ಕುಡಿದು ಬದುಕೋ ಭತ್ತದ ಸೀಮೆ. ಊರಿನ ಆಂಜನೇಯ ಅಂದ್ರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ಆ ಗುಡಿ ಕಟ್ಟೆ ಮೇಲೆ ಶನಿವಾರ ರಾತ್ರಿ ಭಜನೆ. ಅಜ್ಜ ಹಾರ್ಮೋನಿಯಂ ಹಿಡಿದರೆ ಉಳಿದವರು ತಾಳ, ದಮ್ಮಡಿ, ತಬಲಾ. ದೇವರ ನಾಮ ಒಂದೆರಡು ಆದಮೇಲೆ ಶರೀಫಜ್ಜನ ಪದ. ಹಾಡು ಅಂತ ಯಾರೂ ಅಂತಿರಲಿಲ್ಲ, ಪದ ಅಂತಲೇ.

ನಾನು ಚಿಕ್ಕವಳಿದ್ದಾಗ ಅಜ್ಜನ ತೊಡೆ ಮೇಲೆ ಕೂತು ಕೇಳ್ತಿದ್ದೆ. ಹತ್ತು ವರ್ಷ ದಾಟಿದ ಮೇಲೆ ಕಟ್ಟೆ ಮೇಲಿಂದ ಇಳಿಸಿದರು. ಹೆಣ್ಣುಮಕ್ಕಳ ಕೆಲಸ ಕೊನೆಯಲ್ಲಿ ಮಂಡಕ್ಕಿ, ಮಿರ್ಚಿ ಹಂಚೋದು. ನನಗೇನೂ ಬೇಜಾರಾಗಲಿಲ್ಲ ಅನ್ನೋದೇ ಇವತ್ತಿನ ಬೇಜಾರು. ದಾವಣಗೆರೆಗೆ ಕಾಲೇಜಿಗೆ ಹೋಗೋ ಹೊತ್ತಿಗೆ ಭಜನೆ ಅಂದ್ರೆ ಮುದುಕರ ಗದ್ದಲ ಅನ್ನಿಸಿತ್ತು. ಗೆಳತಿಯರು ಮನೆಗೆ ಬಂದಾಗ ಅಜ್ಜ ಹಾರ್ಮೋನಿಯಂ ತೆಗೆದರೆ ನಾನು ಅವರನ್ನ ಕರ್ಕೊಂಡು ಹೊಲದ ಕಡೆ ಹೋಗಿಬಿಡ್ತಿದ್ದೆ.

ಅವತ್ತು ರಾತ್ರಿ ಪಿ.ಜಿ.ಗೆ ಬಂದು ಆ ತಂಡದ ವಿಡಿಯೋ ಹುಡುಕಿದೆ. ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅನ್ನೋರು ನಡೆಸೋ ಸಂಗೀತದ ಕಾರ್ಯಕ್ರಮ, 1992ರಿಂದ ಬರ್ತಿರೋದು. ಒಂದೇ ಸ್ಟುಡಿಯೋದಲ್ಲಿ ಸುತ್ತಲೂ ಬೇರೆ ಬೇರೆ ತಂಡಗಳು, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಅದರ ನಡುವೆ ನಮ್ಮ ಕಡೆಯ ಲುಂಗಿ, ನಮ್ಮ ಕಡೆಯ ಗೆಜ್ಜೆ. ಆ ಕಾರ್ಯಕ್ರಮ ಆದಮೇಲೆ ಇವರ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು ಅಂತ ಪೇಪರಲ್ಲೂ ಬಂತು. ನಮ್ಮ ಕ್ಲೈಂಟ್ ಸಾಹೇಬರೂ ಆ ಕೊಂಡವರಲ್ಲಿ ಒಬ್ಬರು ಅಂತಾಯ್ತು.

ಮರುದಿನ ಅಜ್ಜನಿಗೆ ಫೋನ್ ಮಾಡಿದೆ.

“ಅಜ್ಜಾ, ಗುಡುಗುಡಿ ಪದದ ಅರ್ಥ ಏನು?”

“ಏನವ್ವಾ, ಆಫೀಸ್ನಾಗೆ ಇದನ್ನೂ ಕೇಳ್ತಾರೇನು?”

ಎಲ್ಲ ಹೇಳಿದೆ. ಸಾಹೇಬರು ಕೇಳಿದ್ದು, ನಾನು ಜನಪದ ಅಂದಿದ್ದು, ಎಲ್ಲರೂ ನಕ್ಕಿದ್ದು. ಅಜ್ಜ ನಗಲಿಲ್ಲ. “ಜನಪದ ಅಂತ ಯಾಕೆ ಅಂದೆ? ಬರೆದೋನಿಗೆ ಹೆಸರೈತಿ, ಊರೈತಿ, ಗುರು ಅದಾನೆ. ಅದನ್ನ ಮೊದ್ಲು ಹೇಳು ನಿಮ್ಮ ಸಾಹೇಬ್ರಿಗೆ” ಅಂದ.

ಹಾಗಾಗಿ ನನ್ನ ಮೊದಲ ಇಮೇಲ್ ತಿದ್ದುಪಡಿಯ ಇಮೇಲ್. ಶಿಶುನಾಳ ಶರೀಫರು, ಕಾಲ 1819ರಿಂದ 1889. ಊರು ಈಗಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ. ಮುಸ್ಲಿಂ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರನ್ನ ಗುರುವಾಗಿ ಪಡೆದವರು. ಆಮೇಲೆ ಅಜ್ಜ ಹೇಳಿದ ಅರ್ಥ: ಇಲ್ಲಿ ಗುಡುಗುಡಿ ಅಂದ್ರೆ ಹೊಗೆಸೊಪ್ಪಿನ ಚಟ ಅಲ್ಲ. ಮನಸ್ಸಿನೊಳಗೆ ಕಟ್ಟಿಟ್ಟುಕೊಂಡಿರೋ ಮೋಹವನ್ನ ಬಿಚ್ಚಿ, ಬುದ್ಧಿಯ ಬೆಂಕಿಯಲ್ಲಿ ಸುಟ್ಟು ಹೊಗೆ ಮಾಡಿ ಬಿಡೋದು. ಅದನ್ನ ಸೇದಿದರೆ ಒಳಗಿನ ರೋಗ ಹೋಗುತ್ತೆ.

ಎರಡು ದಿನಕ್ಕೆ ಉತ್ತರ ಬಂತು. “ನಿಮ್ಮ ಅಜ್ಜನಿಗೆ ನನ್ನ ಧನ್ಯವಾದ ಹೇಳಿ. ‘ಸೋರುತಿಹುದು ಮನೆಯ ಮಾಳಿಗಿ’ ಬಗ್ಗೆಯೂ ಕೇಳಬಹುದಾ?”

ಹೀಗೆ ಶುರುವಾಯ್ತು. ಭಾನುವಾರ ಅಜ್ಜನಿಗೆ ಫೋನ್, ಸೋಮವಾರ ಸಾಹೇಬರಿಗೆ ಇಮೇಲ್. ಅಜ್ಜನಿಗೆ ಪದಕ್ಕಿಂತ ಈ ಹುಡುಗರ ಪ್ರಯಾಣದ ಮೇಲೇ ಕುತೂಹಲ. ಫೋನ್ ಎತ್ತಿದ ಕೂಡಲೇ, “ಎಲ್ಲೀಮಟ ಬಂದ್ರು ನಿಮ್ಮ ಹುಡುಗ್ರು?” ಅಂತ ಕೇಳೋನು. ನಾನು ಅದಕ್ಕಾಗಿ ಓದೋಕೆ ಶುರು ಮಾಡಿದೆ.

ಓದಿದಂಗೆಲ್ಲ ಒಂದು ಗೊತ್ತಾಯ್ತು. ನಾವು ನೋಡೋದು ಒಂದು ಟಿವಿ ಕಾರ್ಯಕ್ರಮ, ಅದರ ಹಿಂದೆ ಎಷ್ಟು ವರ್ಷ ಕಳೆದಿರುತ್ತೋ ಯಾರಿಗೂ ಕಾಣಲ್ಲ. ರಘು ದೀಕ್ಷಿತ್ ಮೈಸೂರಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಜೊತೆಗೆ ಕಲಿತದ್ದು ಭರತನಾಟ್ಯ. ಮೊದಲು ಕಟ್ಟಿದ್ದು ‘ಅಂತರಾಗ್ನಿ’ ಅನ್ನೋ ತಂಡ. ಬೆಲ್ಜಿಯಂನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ರೇಡಿಯೋದಲ್ಲಿ ಹಾಡೋ ಅವಕಾಶ ಸಿಕ್ಕಿತ್ತು. ಗೊತ್ತಿಲ್ಲದ ಭಾಷೆಯ ಜನ ತಮ್ಮ ಹಾಡು ಕೇಳ್ತಾರೆ ಅನ್ನೋ ಧೈರ್ಯ ಬಂದಿದ್ದು ಅಲ್ಲೇ ಇರಬೇಕು. ಕೆಲಸ ಬಿಟ್ಟು ವಾಪಸ್ ಬಂದರು. ಆದರೆ ಒಂದೇ ಆಲ್ಬಮ್ಮಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರೋದನ್ನ ವರ್ಷಗಟ್ಟಲೆ ಯಾವ ಕಂಪನಿಯೂ ತಗೊಳ್ಳಲಿಲ್ಲ. ಕೊನೆಗೆ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಲೇಬಲ್ ಮಾಡಿ 2008ರಲ್ಲಿ ಅದನ್ನ ತಂದರು. ಅದೇ ವರ್ಷ ‘ಸೈಕೋ’ ಸಿನಿಮಾದ ಮಹದೇಶ್ವರನ ಹಾಡು ನಮ್ಮ ಕಡೆ ಆಟೋ, ಬಸ್ಸುಗಳಲ್ಲೆಲ್ಲ ಕೇಳ್ತಿತ್ತು.

ಅವರೊಬ್ಬರೇ ಅಲ್ಲ. ಅವರ ತಮ್ಮ ವಾಸು ದೀಕ್ಷಿತ್ ಹಾಡೋ ‘ಸ್ವರಾತ್ಮ’ ತಂಡ 2009ರಲ್ಲೇ ಬ್ರಿಟಿಷ್ ಕೌನ್ಸಿಲ್‌ನ ಒಂದು ಯೋಜನೆಯಲ್ಲಿ ಆಯ್ಕೆಯಾಗಿ ಇಂಗ್ಲೆಂಡಿನ ಬ್ರೈಟನ್‌ಗೆ ಹೋಗಿ ಹಾಡಿ ಬಂದಿತ್ತು. ಆ ಯೋಜನೆಯಲ್ಲಿ ಅವರ ಹಾಡು ರೆಕಾರ್ಡ್ ಮಾಡಿಸಿದ್ದು ಜಾನ್ ಲೆಕಿ, ರೇಡಿಯೋಹೆಡ್ ತಂಡದ ಆಲ್ಬಮ್ ಮಾಡಿದ ನಿರ್ಮಾಪಕ. ಮೈಸೂರಿನ ಒಂದೇ ಮನೆಯ ಇಬ್ಬರು ಅಣ್ಣತಮ್ಮ, ಎರಡು ತಂಡ, ಎರಡೂ ಕಡಲಾಚೆ. ಅಜ್ಜನಿಗೆ ಇದನ್ನ ಹೇಳಿದಾಗ, “ಅವ್ವನ ಹೊಟ್ಟಿ ತಣ್ಣಗಿರ್ಲಿ” ಅಂದ.

ಆಮೇಲೆ ಅಜ್ಜನ ಖಾಯಂ ಪ್ರಶ್ನೆ. “ಇವ್ರ ಊಟಕ್ಕೆ ಯಾರು ಮಾಡ್ತಾರೆ?”

ನಾನು ನಕ್ಕರೆ ಬೈಯೋನು. “ನಗಬ್ಯಾಡ. ಆರು ಜನ ಹೋಗ್ಯಾರೆ ಅಂದ್ರೆ ಆರು ಹೊಟ್ಟಿ. ನಮಗೆ ಗೊತ್ತು ಅದರ ಕಷ್ಟ.”

ಆಗ ತನ್ನ ‘ಫಾರಿನ್ ಟೂರು’ ಹೇಳೋನು. ಮೊದಲನೇದು ತುಂಗಭದ್ರೆ ದಾಟಿದ್ದು. ಹರಿಹರದ ಸೇತುವೆ ದಾಟಿದರೆ ಆ ಕಡೆ ರಾಣೆಬೆನ್ನೂರು ಸೀಮೆ, ಮಾತಿನ ಧಾಟಿಯೇ ಬೇರೆ. ಎರಡನೇದು ಭತ್ತದ ಲಾರಿ ಮೇಲೆ ಕೂತು ಹಾವೇರಿ ದಾಟಿ ಶಿಗ್ಗಾವಿ, ಅಲ್ಲಿಂದ ಶಿಶುನಾಳ. ಶರೀಫಜ್ಜನ ಗದ್ದುಗೆ ಮುಂದೆ ಅವನದೇ ಪದ ಹಾಡಬೇಕು ಅಂದ್ರೆ ಕೈ ನಡುಗಿ ಹಾರ್ಮೋನಿಯಂ ಮನೆ ತಪ್ಪಿತಂತೆ. ಮೂರನೇದು ದೊಡ್ಡದು, ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ. ಹರಿಹರದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಾಯಿಸಿ, ಎಂಟು ಜನ, ಎರಡು ಚೀಲ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಮೂರನೇ ದಿನಕ್ಕೆ ರೊಟ್ಟಿ ಮುಗೀತು. ಹಾಡಿದ್ದು ಕೇಳಿದ ಒಬ್ಬ ಮರಾಠಿ ಹೆಣ್ಣುಮಗಳು ಅವರನ್ನ ಮನೆಗೆ ಕರೆದು ಊಟಕ್ಕಿಟ್ಟಳಂತೆ.

“ಆಕಿಗೆ ಪದ ತಿಳೀತಾ ಅಜ್ಜಾ?”

“ಪದ ತಿಳೀಲಿಲ್ಲ. ಹಸಿವು ತಿಳೀತು” ಅಂದ.

ಈ ಕಥೆ ಕೇಳಿ ನನಗೆ ಬೀಟಲ್ಸ್ ನೆನಪಾಯ್ತು. 1964ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಇಳಿದು ಟಿವಿಯಲ್ಲಿ ಹಾಡಿದಾಗ ಅವರನ್ನ ನೋಡಿದವರು ಸುಮಾರು 7.3 ಕೋಟಿ ಜನ ಅಂತ ಎಲ್ಲರೂ ಹೇಳ್ತಾರೆ. ಆದರೆ ಅವರ ಮೊದಲ ಪರದೇಶದ ಓಡಾಟ ಅದಲ್ಲ. 1960ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗಿದ್ದರು. ಒಂದು ಸಣ್ಣ ಕ್ಲಬ್ಬು, ರಾತ್ರಿಯೆಲ್ಲ ಗಂಟೆಗಟ್ಟಲೆ ಹಾಡೋದು, ಒಂದು ಸಿನಿಮಾ ಥಿಯೇಟರಿನ ಹಿಂದಿನ ಕೋಣೆಯಲ್ಲಿ ಮಲಗೋದು. ಭಾಷೆ ಬರದ ಕುಡುಕರನ್ನ ಎದ್ದು ಹೋಗದಂಗೆ ಹಿಡಿದು ಕೂರಿಸೋದು ಹೇಗೆ ಅಂತ ಕಲಿತದ್ದು ಅಲ್ಲೇ. ಅಜ್ಜನಿಗೆ ಬೀಟಲ್ಸ್ ಗೊತ್ತಿಲ್ಲ. ಆದರೆ ಇದನ್ನ ಹೇಳಿದಾಗ, “ಶಿವರಾತ್ರಿ ಜಾಗರಣೆ ಭಜನೆ ಇದ್ದಂಗೆ. ಮೂರನೇ ಜಾವಕ್ಕೆ ಯಾರು ನಿದ್ದೆ ಮಾಡ್ತಾರೋ ಅವ್ರನ್ನ ಎಬ್ಬಿಸೋನೇ ಹಾಡುಗಾರ” ಅಂದ.

2011ರ ಜೂನ್ ತಿಂಗಳು. ದೊಡ್ಡ ಸುದ್ದಿ ಬಂತು. ರಘು ದೀಕ್ಷಿತ್ ಪ್ರಾಜೆಕ್ಟ್ ಗ್ಲಾಸ್ಟನ್‌ಬರಿಯಲ್ಲಿ ಹಾಡ್ತಾರೆ.

“ಅದು ಯಾವ ಊರು? ಸಭಾಂಗಣ ದೊಡ್ಡದಾ?” ಅಂತ ಅಜ್ಜ ಕೇಳಿದ.

“ಸಭಾಂಗಣ ಇಲ್ಲ ಅಜ್ಜಾ, ಹೊಲ.”

“ಹೊಲದಾಗೆ ಹಾಡ್ತಾರಾ?”

ಹೌದು, ಹೊಲವೇ. ಇಂಗ್ಲೆಂಡಿನ ಸಾಮರ್‌ಸೆಟ್ ಅನ್ನೋ ಕಡೆ ‘ವರ್ದಿ ಫಾರ್ಮ್’ ಅಂತ ಹೈನುಗಾರಿಕೆಯ ಜಮೀನು. ಅದರ ಯಜಮಾನ ಮೈಕಲ್ ಈವಿಸ್ ಅನ್ನೋ ರೈತ. 1970ರಲ್ಲಿ ತನ್ನ ಹೊಲದಲ್ಲೇ ಸಂಗೀತದ ಜಾತ್ರೆ ಮಾಡಿದ. ಟಿಕೆಟ್ ಒಂದು ಪೌಂಡ್, ಅದರ ಜೊತೆ ತನ್ನ ಕೊಟ್ಟಿಗೆಯ ಹಾಲು ಪುಕ್ಕಟೆ. ಮೊದಲ ವರ್ಷ ಬಂದಿದ್ದು ಸುಮಾರು 1,500 ಜನ. ಈಗ ಲಕ್ಷಕ್ಕೂ ಮೀರಿ ಸೇರ್ತಾರೆ. ಮಳೆ ಬಂತೋ, ಮೊಳಕಾಲುದ್ದದ ಕೆಸರು. ರಬ್ಬರ್ ಬೂಟು ಹಾಕಿಕೊಂಡೇ ಹಾಡು ಕೇಳ್ತಾರೆ.

ಅಜ್ಜನಿಗೆ ಇಷ್ಟು ಖುಷಿ ನಾನು ಯಾವತ್ತೂ ಕೇಳಿರಲಿಲ್ಲ. ಆಗ ನಮ್ಮೂರಲ್ಲಿ ಸಸಿ ಮಡಿಗೆ ಬಿತ್ತನೆ ನೆನೆಹಾಕೋ ಕಾಲ. “ಲಕ್ಷ ಜನ ತುಳಿದ್ರೆ ಆ ಹೊಲದ ಗತಿ ಏನವ್ವಾ?” ಅಂತ ಕೇಳಿದ. ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಕೆಲವು ವರ್ಷಕ್ಕೊಮ್ಮೆ ಜಾತ್ರೆ ನಿಲ್ಲಿಸಿ ಹೊಲವನ್ನ ಸುಮ್ಮನೆ ಬಿಡ್ತಾರೆ. ಹುಲ್ಲು ಬೆಳೀಬೇಕು, ಆಕಳು ಮೇಯಬೇಕು. ಮುಂದಿನ 2012ರಲ್ಲೂ ಹಾಗೇ ಬಿಡ್ತಾರೆ.

“ಹಂಗಾರೆ ಅವ್ನು ಖರೇ ರೈತ” ಅಂತ ಅಜ್ಜ ಸರ್ಟಿಫಿಕೇಟ್ ಕೊಟ್ಟ. ನಾನು ಅದನ್ನ ಹಾಗೇ ಇಂಗ್ಲಿಷಿಗೆ ತಿರುಗಿಸಿ ಸೋಮವಾರ ಸಾಹೇಬರಿಗೆ ಕಳಿಸಿದೆ.

ಅದೇ ವರ್ಷ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಇವರಿಗೆ ಹೊಸಬರ ಪ್ರಶಸ್ತಿ ಕೊಟ್ಟಿತು. 2012ರ ಮೇ ತಿಂಗಳಲ್ಲಿ ಎಲಿಜಬೆತ್ ರಾಣಿಯ ಪಟ್ಟದ ಅರವತ್ತನೇ ವರ್ಷದ ಸಂಭ್ರಮ, ವಿಂಡ್ಸರ್ ಅರಮನೆಯ ಅಂಗಳದಲ್ಲಿ ಹಾಡಿದವರಲ್ಲಿ ಇವರೂ ಇದ್ದರು. ಅಜ್ಜನಿಗೆ ಅದು ಅಷ್ಟೊಂದು ಹಿಡಿಸಲಿಲ್ಲ.

“ರಾಣಿ ಎದ್ದು ನಿಂತ್ಲಾ?”

“ಇಲ್ಲ ಅಜ್ಜಾ, ಕೂತೇ ಕೇಳ್ತಾರೆ.”

“ನಮ್ಮ ಹನುಮಪ್ಪ ನೋಡು, ನಾವು ಎಷ್ಟ್ ಹೊತ್ತು ಹಾಡಿದ್ರೂ ನಿಂತೇ ಕೇಳ್ತಾನೆ.”

ಒಂದು ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋ ತೋರಿಸಿದೆ. ಪಡಸಾಲೆಯಲ್ಲಿ ಮನೆಯವರೆಲ್ಲ ಸೇರಿದ್ದರು. ಅಜ್ಜ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ನೋಡಿದ. ಶರೀಫಜ್ಜನ ಪದವನ್ನೂ ಕೇಳಿಸಿದೆ. ಮುಗಿದ ಮೇಲೆ ಎಲ್ಲರೂ ಅಜ್ಜನ ಮುಖ ನೋಡಿದರು.

“ಭಾಳ ಓಡಿಸ್ಯಾನೆ. ಆದ್ರೆ ದಂಡಿ ಉಸಿರೈತಿ ಹುಡುಗ್ನಿಗೆ” ಅಂದ. ಆಮೇಲೆ, “ಇದು ಅಶ್ವಥ್ ಅವ್ರ ಮಟ್ಟೂ ಅಲ್ಲ, ನಮ್ಮ ಮಟ್ಟೂ ಅಲ್ಲ. ಇವ್ನದೇ” ಅಂದ.

ಆಗಲೇ ನನಗೆ ಗೊತ್ತಾಗಿದ್ದು, ಒಂದೇ ಪದಕ್ಕೆ ಊರೂರಿಗೂ ಬೇರೆ ಬೇರೆ ಮಟ್ಟು ಇರುತ್ತೆ ಅಂತ. ನಾವು ಶರೀಫರ ಹಾಡು ಅಂದಾಗ ತಲೆಗೆ ಬರೋದು ಸಿ. ಅಶ್ವಥ್ ಅವರ ಧ್ವನಿ. ಅವರ ಕ್ಯಾಸೆಟ್ಟುಗಳು, 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಈ ಪದಗಳನ್ನ ಮನೆಮನೆಗೆ ಮುಟ್ಟಿಸಿದವು. ಅಶ್ವಥ್ ಹೋಗಿದ್ದು 2009ರ ಡಿಸೆಂಬರಿನಲ್ಲಿ. ಅಜ್ಜನಿಗೆ ಅವರ ಮೇಲೆ ಭಕ್ತಿ ಇತ್ತು, ಜೊತೆಗೆ ಸಣ್ಣ ತಕರಾರೂ ಇತ್ತು. ಕ್ಯಾಸೆಟ್ ಬಂದ ಮೇಲೆ ಹುಡುಗರೆಲ್ಲ ಅದೇ ಮಟ್ಟಲ್ಲಿ ಹಾಡೋಕೆ ಹತ್ತಿದರು, ಹಳೇ ಭಜನಾ ಮಟ್ಟು ಅಜ್ಜನ ವಾರಿಗೆಯ ಮೂರು ನಾಲ್ಕು ಜನರ ಬಾಯಲ್ಲಿ ಮಾತ್ರ ಉಳೀತು.

“ನೀ ಒಂದು ಹೇಳು ನೋಡಾನ” ಅಂದ ಅಜ್ಜ ಅವತ್ತು ನನಗೆ. “ಸಾಹೇಬ್ರಿಗೆ ಅಷ್ಟು ಬರೆದು ಕಳಿಸಿ.”

ಒಂದೂವರೆ ಸಾಲು ಹಾಡಿದೆ. ಅದೂ ಸಿನಿಮಾ ಮಟ್ಟು. ಮುಂದೆ ಬರಲಿಲ್ಲ. ಅರ್ಥ ಪೂರ್ತಿ ಬರ್ತಿತ್ತು, ಇಂಗ್ಲಿಷಿನಲ್ಲಿ. ಕನ್ನಡದ ಎರಡನೇ ನುಡಿ ಬರ್ತಿರಲಿಲ್ಲ.

ಅಜ್ಜ ಏನೂ ಅನ್ನಲಿಲ್ಲ. ನಾಲೆಯ ಮಾತು ಹೇಳಿದ. “ನಾಲಿ ಬುಡದಾಗಿನ ಹೊಲಕ್ಕೆ ನೀರಿಗೆ ಬರ ಇಲ್ಲ ಅಂತಾರೆ. ತೂಬು ಎತ್ತದಿದ್ರೆ ಬುಡದ ಹೊಲಾನೂ ಒಣಗ್ತೈತಿ. ನೀರು ಪಾಡಿಗೆ ಕೊನೀ ಊರಿಗೆ ಹೋಗ್ತೈತಿ.” ಸ್ವಲ್ಪ ಹೊತ್ತು ಬಿಟ್ಟು, “ನಂದೂ ತಪ್ಪೈತಿ ಬಿಡು. ನಿನ್ನ ಕಟ್ಟಿ ಮ್ಯಾಗಿಂದ ಇಳಿಸಿದ್ದು ನಾನೇ” ಅಂದ.

“ಮುಂದಿನ ಯುಗಾದಿಗೆ ಬಂದಾಗ ಎಲ್ಲ ರೆಕಾರ್ಡ್ ಮಾಡ್ಕೋತೀನಿ ಅಜ್ಜಾ” ಅಂದೆ.

ಯುಗಾದಿಗೆ ರಿಲೀಸ್ ಇತ್ತು. ಆಮೇಲಿನ ದಸರಾಕ್ಕೂ ಇತ್ತು. ಐಟಿಯಲ್ಲಿರೋರಿಗೆ ಇದನ್ನ ವಿವರಿಸಬೇಕಾಗಿಲ್ಲ.

2013ರ ಬೇಸಿಗೆಯಲ್ಲಿ ಅಜ್ಜನಿಗೆ ಲಕ್ವ ಹೊಡೀತು. ಬಲಗೈ ಮತ್ತು ಮಾತು ಹೋಯ್ತು. ನಾನು ಹೋದಾಗ ಎಡಗೈ ಬೆರಳಲ್ಲಿ ಮಂಚದ ಪಟ್ಟಿ ಮೇಲೆ ತಾಳ ಹಾಕ್ತಿದ್ದ. ಯಾವ ಪದ ಅಂತ ಕೇಳಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಹೇಳೋಕಾಗಲಿಲ್ಲ. ಎರಡು ತಿಂಗಳಿಗೆ ಹೋಗಿಬಿಟ್ಟ.

ಎರಡೂವರೆ ವರ್ಷ ಪ್ರತಿ ಭಾನುವಾರ ಅಜ್ಜ ಫೋನಲ್ಲಿ ಪದ ಹಾಡಿ ಹಾಡಿ ಅರ್ಥ ಹೇಳಿದ್ದ. ನಾನು ಸ್ಪೀಕರ್ ಹಾಕಿ, ಲ್ಯಾಪ್‌ಟಾಪ್ ಮುಂದೆ ಇಟ್ಟುಕೊಂಡು, ಅರ್ಥ ಮಾತ್ರ ಟೈಪ್ ಮಾಡಿದ್ದೆ. ಅದೇ ಫೋನಲ್ಲಿ ರೆಕಾರ್ಡ್ ಮಾಡೋ ಆಪ್ಷನ್ ಇತ್ತು. ಒಂದು ಸಲವೂ ಒತ್ತಿರಲಿಲ್ಲ. 2015ರಲ್ಲಿ ಕಂಪನಿ ಬದಲಾಯಿಸಿದೆ. ಹಳೇ ಆಫೀಸ್ ಮೇಲ್ ಬಂದ್ ಆಯ್ತು. ಅರ್ಥವೂ ಹೋಯ್ತು.

2020. ಲಾಕ್‌ಡೌನ್. ಎಲ್ಲರಂತೆ ನಾನೂ ಬ್ಯಾಗ್ ಹಾಕಿಕೊಂಡು ಊರು ಸೇರಿದೆ. ಅಟ್ಟದ ಮೇಲೆ ಮಾತ್ರ ನೆಟ್‌ವರ್ಕ್. ಶನಿವಾರ ಗುಡಿ ಬಾಗಿಲು ಹಾಕಿತ್ತು. ಭಜನೆ ಇಲ್ಲದ ಶನಿವಾರದ ರಾತ್ರಿ ಎಷ್ಟು ದೊಡ್ಡದು ಅಂತ ಅವತ್ತು ಗೊತ್ತಾಯ್ತು. ಅಲ್ಲೇ ಅಟ್ಟದಲ್ಲಿ ಅಜ್ಜನ ಹಾರ್ಮೋನಿಯಂ ಪೆಟ್ಟಿಗೆ, ಅದರೊಳಗೆ ಒಂದು ನೋಟ್‌ಬುಕ್. ತೆರೆದರೆ ಪದಗಳ ಮೊದಲ ಸಾಲು ಮಾತ್ರ, ಹನ್ನೊಂದು. ಪೂರ್ತಿ ಬಾಯಲ್ಲಿರೋನಿಗೆ ಮೊದಲ ಸಾಲು ಸಾಕಲ್ಲ.

ಅವತ್ತು ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಸಾಹೇಬರನ್ನ ಹುಡುಕಿದೆ. ಸಿಕ್ಕರು. ನಿವೃತ್ತರಾಗಿದ್ದರು. ಅಜ್ಜ ಹೋಗಿದ್ದು ಅವರಿಗೆ ಗೊತ್ತಿರಲಿಲ್ಲ. ಆ ಹಳೇ ಮೇಲ್‌ಗಳು ನಿಮ್ಮ ಹತ್ತಿರ ಏನಾದರೂ ಉಳಿದಿದ್ದಾವಾ ಅಂತ ಕೇಳಿದೆ.

ಮೂರನೇ ದಿನ ಒಂದು ಪಿಡಿಎಫ್ ಬಂತು. ಆಫೀಸಿನಲ್ಲಿ ಬಂದ ಒಂದೊಂದು ಮೇಲ್ ಅನ್ನೂ ಆವಾಗಲೇ ಪ್ರಿಂಟ್ ತೆಗೆದು ಒಂದು ಫೈಲಿಗೆ ಹಾಕಿಟ್ಟಿದ್ದರಂತೆ. ಅದನ್ನ ಸ್ಕ್ಯಾನ್ ಮಾಡಿ ಕಳಿಸಿದ್ದರು. ಇಪ್ಪತ್ಮೂರು ಮೇಲ್. ಗುಡುಗುಡಿಯ ಅರ್ಥ, ಮಾಳಿಗೆಯ ಅರ್ಥ, ಸೊಲ್ಲಾಪುರದ ಊಟ, ಖರೇ ರೈತನ ಸರ್ಟಿಫಿಕೇಟ್, ಹನುಮಪ್ಪ ನಿಂತು ಕೇಳೋದು. ಎಲ್ಲ ಇತ್ತು. ಎಲ್ಲ ಇಂಗ್ಲಿಷಿನಲ್ಲಿತ್ತು.

ನಮ್ಮಜ್ಜನ ಮಾತು ಇಂಗ್ಲೆಂಡಿಗೆ ಹೋಗಿ ಅಲ್ಲಿ ಹತ್ತು ವರ್ಷ ಜೋಪಾನವಾಗಿದ್ದು ಕೊಕ್ಕನೂರಿಗೆ ವಾಪಸ್ ಬಂದಿತ್ತು. ನಾನು ಅಟ್ಟದ ಮೇಲೆ ಕೂತು ಅದನ್ನ ಮತ್ತೆ ಕನ್ನಡಕ್ಕೆ ತಿರುಗಿಸಿದೆ. ಎಷ್ಟೋ ಕಡೆ ಅಜ್ಜ ಯಾವ ಮಾತು ಬಳಸಿದ್ದ ಅಂತ ನೆನಪಾಗದೆ ಸುಮ್ಮನೆ ಕೂತೆ.

ಅರ್ಥ ಬಂತು, ಪದದ ಸಾಹಿತ್ಯ ಪುಸ್ತಕದಲ್ಲಿ ಸಿಕ್ತು. ಮಟ್ಟು? ಅಜ್ಜನ ಭಜನೆಯಲ್ಲಿ ದಮ್ಮಡಿ ಬಾರಿಸ್ತಿದ್ದ ಒಬ್ಬರು ಊರಲ್ಲಿ ಉಳಿದಿದ್ದರು. ನಾವು ಅವರನ್ನ ಕಾಕಾ ಅಂತೀವಿ. ಆಗ ಎಂಬತ್ತು ದಾಟಿತ್ತು. ಅವರ ಮನೆ ಜಗುಲಿ ಮೇಲೆ ಆರಡಿ ದೂರದಲ್ಲಿ, ಮಾಸ್ಕ್ ಹಾಕಿಕೊಂಡು ಕೂತು, ನೋಟ್‌ಬುಕ್ಕಿನ ಹನ್ನೊಂದೂ ಸಾಲು ಓದಿದೆ. ಕಾಕಾ ಕಣ್ಣು ಮುಚ್ಚಿ ಒಂದೊಂದೇ ಪ್ರಯತ್ನ ಮಾಡಿದರು. ಮೂರು ಬಂದವು. ಉಳಿದ ಎಂಟು ಅರ್ಧಕ್ಕೆ ಹೋಗಿ ಸಿನಿಮಾ ಮಟ್ಟಿಗೆ ಜಾರಿಬಿಡ್ತಿದ್ದವು. “ಅವ್ನಿದ್ರೆ ಬರ್ತಿತ್ತವ್ವಾ. ನಾ ಅವ್ನ ಹಿಂದೆ ಹೋಗೋನು” ಅಂದರು.

ಈ ಸಲ ರೆಕಾರ್ಡ್ ಬಟನ್ ಒತ್ತಿದ್ದೆ.

ಹನ್ನೊಂದರಲ್ಲಿ ಮೂರು. ಲೆಕ್ಕ ಹಾಕಿದರೆ ನಷ್ಟವೇ. ಇದಕ್ಕೆ ಕಾರಣ ಆ ಬ್ಯಾಂಡೂ ಅಲ್ಲ, ಕ್ಯಾಸೆಟ್ಟೂ ಅಲ್ಲ. ನಿಜ ಹೇಳಬೇಕಂದ್ರೆ ಆ ಹುಡುಗರು ಲುಂಗಿ ಉಟ್ಟು ಅಷ್ಟು ದೂರ ಹೋಗಿ ಹಾಡದೇ ಇದ್ದಿದ್ದರೆ ನನಗೆ ಆ ಮೂರೂ ಸಿಗ್ತಿರಲಿಲ್ಲ. ಅಜ್ಜನಿಗೆ ನಾನು ಆ ಫೋನೇ ಮಾಡ್ತಿರಲಿಲ್ಲ. ನನ್ನ ಮನೆಯ ಪದಕ್ಕೆ ಬೆಲೆ ಇದೆ ಅಂತ ನನಗೆ ಹೇಳೋಕೆ ಲಂಡನ್ನಿನ ಸ್ಟುಡಿಯೋ ಬೇಕಾಯ್ತು. ಅದನ್ನ ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ನಿಜ.

ಈಗ ಗುಡಿಯಲ್ಲಿ ಮತ್ತೆ ಶನಿವಾರದ ಭಜನೆ ಇದೆ. ಬೆಂಗಳೂರಿಂದ ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ರೈಲು ಹತ್ತಿ ಹರಿಹರದಲ್ಲಿ ಇಳೀತೀನಿ. ಕಟ್ಟೆ ಮೇಲೆ ಹೆಣ್ಣುಮಕ್ಕಳು ಕೂರೋದಕ್ಕೆ ಮೊದಮೊದಲು ಗೊಣಗಿದರು, ತಾಳ ಹಿಡಿಯೋಕೆ ಜನ ಸಾಲದೆ ಸುಮ್ಮನಾದರು. ನಾನು, ನನ್ನ ಅತ್ತಿಗೆ, ಅವಳ ಮಗಳು, ಮೂವರು ಕೂರ್ತೀವಿ. ಅಜ್ಜನ ಮಟ್ಟಿನ ಮೂರು ಪದ ಪ್ರತಿ ಸಲ ಹಾಡ್ತೀವಿ.

ಅದರಲ್ಲಿ ಒಂದನ್ನ ಸಾಹೇಬರಿಗೆ ಕಳಿಸಿದೆ. ಅವರ ಉತ್ತರ ಬಂತು. “ಆಲ್ಬಮ್ಮಿನ ಹಾಡಿಗಿಂತ ಬಹಳ ನಿಧಾನ ಇದೆ. ಇದೇ ನಿಮ್ಮ ಅಜ್ಜನದಾ?”

ಹೌದು, ಇದೇ ಅಂತ ಬರೆದೆ. ಆಮೇಲೆ ಅಜ್ಜನ ಪರವಾಗಿ ಇನ್ನೊಂದು ಸಾಲು ಸೇರಿಸಿದೆ. “ಆ ಹುಡುಗರು ನಿಮ್ಮ ಕಡೆ ಬಂದಾಗ ಅವರ ಊಟಕ್ಕೆ ಯಾರು ಮಾಡ್ತಿದ್ದರು ಅಂತ ನಮ್ಮಜ್ಜ ಕೊನೇವರೆಗೂ ಕೇಳ್ತಿದ್ದ. ನಿಮಗೇನಾದರೂ ಗೊತ್ತಾ?”

ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಮನೆಯಲ್ಲಿ ಇಂಥ ಅಜ್ಜ, ಅಜ್ಜಿ ಇನ್ನೂ ಇದ್ದರೆ, ಯುಗಾದಿವರೆಗೆ ಕಾಯಬೇಡಿ. ಈ ಭಾನುವಾರ ಫೋನ್ ಮಾಡಿ. ರೆಕಾರ್ಡ್ ಒತ್ತೋದು ಮಾತ್ರ ಮರೀಬೇಡಿ.